ನಗುವವರೆಷ್ಟು, ಅಳುವವರೆಷ್ಟು

ನಮ್ಮ ಮನೆಯಲ್ಲಿ ಅರಳೆ ಅಂಟದ ವಸ್ತು ಒಂದೂ ಇರಲಿಲ್ಲ. ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದರೆ ಅರಳೆ, ಅಪ್ಪನ ತಾಯಿ ಆಯಿಯ ಜಪದ ತಸಬಿಯ ಮಣಿಗಳ ನಡುವೆ ಅರಳೆ, ನನ್ನ ಭೂಗೋಳದ ಪುಸ್ತಕದ ಹಾಳೆಗಳ ನಡುವೆ ಅರಳೆ. ಅಪ್ಪನಿಗಂತೂ ಮೂವತ್ತೈದಕ್ಕೇ ಹುಬ್ಬು ಬೆಳ್ಳಗಾಗಿದ್ದವು. ಸಂಜೆ ಮುಖ ತೊಳೆದ ಮೇಲೆ ಮತ್ತೆ ಹರೆಯದವನಾಗುತ್ತಿದ್ದ. ನಾವು ಪಿಂಜಾರರು, ಹತ್ತಿ ಹಿಂಜಿ ಊರಿಗೆಲ್ಲ ಮಲಗುವ ಗಾದಿ ಮಾಡಿಕೊಡುವವರು. ನಮಾಜಿಗೆ ಅರಬ್ಬಿ, ಉಳಿದದ್ದಕ್ಕೆಲ್ಲ, ಅದರಲ್ಲೂ ಬೈಯುವುದಕ್ಕೆ, ಕನ್ನಡವೇ ನಮ್ಮ ಮನೆಮಾತು. ಲಕ್ಷ್ಮೇಶ್ವರದ ಆ ಮನೆಗೆ ಇದ್ದದ್ದು ಮೂರೇ ಭಾಗ. ಬೀದಿಗೆ ತೆರೆದ ಪಡಸಾಲೆಯಲ್ಲಿ ಅಪ್ಪ ಕೂತು, ತೊಲೆಗೆ ತೂಗುಬಿಟ್ಟ ಆಳೆತ್ತರದ ಕಮಾನಿನ ತಂತಿಗೆ ಕಟ್ಟಿಗೆಯ ಕೊಡತಿಯಿಂದ ಹೊಡೆಯುತ್ತಿದ್ದ. ತಂತಿ ಝೇಂಕರಿಸಿದಾಗಲೆಲ್ಲ ಗಂಟುಗಟ್ಟಿದ ಹಳೆಯ ಹತ್ತಿ ಸಡಿಲಾಗಿ ಹಾಲಿನ ನೊರೆಯಂತೆ ಮೇಲೇಳುತ್ತಿತ್ತು. ಪಡಸಾಲೆಯ ಹಿಂದೆ ಅಡುಗೆಮನೆ, ಅಲ್ಲಿ ಅವ್ವ. ಅದರ ಹಿಂದೆ ಬೇವಿನ ಮರವಿದ್ದ ಹಿತ್ತಿಲು, ಅಲ್ಲಿ ಆಯಿಯ ಹೊರಸು. ಕಮಾನಿನ ಸದ್ದು ನಿಂತರೆ ಅವರಿಬ್ಬರೂ ಒಟ್ಟಿಗೆ, ಏನಾಯಿತು ಎಂದು ತಲೆಯೆತ್ತುತ್ತಿದ್ದರು.

ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಧರ್ಮ ಎಂದರೇನು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಗಾದಿ ಕೊಡಲು ಬಂದವರನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದ.

"ಮಂದಿ ಯಾಕ ಜಗಳಾಡ್ತಾರಂದ್ರ, ರಾತ್ರಿ ನಿದ್ದಿ ಆಗಿರೂದಿಲ್ಲ. ಬೆನ್ನಿಗೆ ಗಂಟು ಚುಚ್ಚಿದ್ರ ಮುಂಜಾನಿ ಬಾಯಾಗ ಚಲೋ ಮಾತು ಹ್ಯಾಂಗ ಬರ್ತಾವ? ಧರ್ಮ ಅಂದ್ರ ಮಂದಿ ಸುಖಾಗಿರೂದು, ಇಷ್ಟ. ಉಳದದ್ದೆಲ್ಲಾ ಗಾದಿ ಮ್ಯಾಲಿನ ಬಟ್ಟಿ."

ಮನೆಯಲ್ಲಿ ಯಾವ ತಂಟೆ ಎದ್ದರೂ ಅವನು ಕೊಡತಿ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದ: ಇದರಿಂದ ನಗುವವರೆಷ್ಟು, ಅಳುವವರೆಷ್ಟು? ಒಮ್ಮೆ ಆಯಿಯ ಹೂವಿನ ಚಿತ್ರದ ಬಸಿಯನ್ನು ನಾನು ಒಡೆದೆ. ಚಹಾವನ್ನು ಬಸಿಯಲ್ಲಿ ಸುರಿದುಕೊಂಡು ಕುಡಿಯುವುದೇ ಆಯಿಯ ದಿನದ ದೊಡ್ಡ ಸಂಭ್ರಮ. ಅಪ್ಪ ನೇರವಾಗಿ ಹೋಗಿ, ಬೆಕ್ಕು ಒಡೆಯಿತು ಎಂದುಬಿಟ್ಟ. ಆಯಿ ನಂಬಿದಳು. ಆಮೇಲೆ ಯಾರೋ ಚಾಡಿ ಹೇಳಿ ನಿಜ ಹೊರಬಿದ್ದಾಗ ಅವಳು ಮಗನನ್ನೇ ಹಿಡಿದುಕೊಂಡಳು.

"ಖರೆ ಅಂದ್ರ ಖರೆ, ಸುಳ್ಳಂದ್ರ ಸುಳ್ಳು. ಅಲ್ಲಾಹನ ಮುಂದ ಬೆಕ್ಕಿನ್ನ ಕರಕೊಂಡು ಹೋಗ್ತೀಯೇನು?"

"ಆಯಿ, ನೋಡಿಲ್ಲೆ. ಹುಡುಗಿಗೆ ಹೊಡ್ತ ತಪ್ಪಿತು, ನಿನಗ ಮೊಮ್ಮಗಳ ಮ್ಯಾಲ ಸಿಟ್ಟು ಬರಲಿಲ್ಲ. ಬೆಕ್ಕಿಗೂ ನಾ ಹಾಲು ಹಾಕೇನಿ. ಮೂರೂ ಮಂದಿ ಸುಖಾನ ಅಲ್ಲೇನು?"

ಬೆಕ್ಕನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ, ಅಂಥವನು. ರಮಜಾನಿನ ಹಬ್ಬದಲ್ಲಿ ಅವ್ವ ಮಾಡಿದ ಹಾಲು ಸೇವಿಗೆಯ ಸುರಕುಂಬಾ ಮೊದಲು ಓಣಿಯ ಮನೆಗಳಿಗೆಲ್ಲ ಹೋಗಿ, ತಳದಲ್ಲಿ ಉಳಿದದ್ದು ನಮಗೆ ಬರುತ್ತಿತ್ತು. ನಾನು ಮುಖ ಊದಿಸಿಕೊಂಡರೆ, ಒಬ್ಬಳು ಅತ್ತರೂ ಇಡೀ ಓಣಿ ನಗುತ್ತಿದೆ ನೋಡು ಎಂದು ಬೆನ್ನು ತಟ್ಟುತ್ತಿದ್ದ. ಮುಂದೆ ಗದಗಿನ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು, ಅತಿ ಹೆಚ್ಚು ಜನರಿಗೆ ಅತಿ ಹೆಚ್ಚು ಸುಖ ಕೊಡುವುದೇ ಒಳ್ಳೆಯ ಕೆಲಸ, ಇದು ಇಂಗ್ಲೆಂಡಿನಲ್ಲಿ ಹುಟ್ಟಿದ ಸಿದ್ಧಾಂತ ಎಂದು ಪಾಠ ಮಾಡುವಾಗ ನಾನು ಕಿಸಕ್ಕನೆ ನಕ್ಕು ಬೈಸಿಕೊಂಡೆ. ಅದು ಹುಟ್ಟಿದ್ದು ನಮ್ಮ ಪಡಸಾಲೆಯಲ್ಲಿ ಎಂದು ಆ ಮೇಷ್ಟ್ರಿಗೆ ಹೇಳುವ ಧೈರ್ಯವಾಗಲಿಲ್ಲ. ಆಮೇಲೆ ನಾನೇ ಆ ಪಾಠವನ್ನು ವರ್ಷಗಟ್ಟಲೆ ಮಾಡಿದೆ. ಪ್ರತಿ ವರ್ಷ ಯಾರಾದರೂ ಎದ್ದುನಿಂತು, ಹೆಚ್ಚು ಜನರ ಸುಖಕ್ಕಾಗಿ ತಪ್ಪಿಲ್ಲದ ಒಬ್ಬರು ನೊಂದರೆ ಆಗ ಏನು ಎಂದು ಕೇಳುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಒಬ್ಬ ನ್ಯಾಯಾಧೀಶನ ಉದಾಹರಣೆ ಇತ್ತು. ನಾನು ಅದನ್ನೇ ಹೇಳಿ ಕೂರಿಸುತ್ತಿದ್ದೆ. ಆ ಒಬ್ಬಳು ನನ್ನ ತಲೆಯಿಂದ ಅರಳೆ ಹೆಕ್ಕಿ ಜಡೆ ಹಾಕಿದವಳು ಎಂದು ತರಗತಿಯಲ್ಲಿ ಹೇಗೆ ಹೇಳುವುದು?

ಅವಳ ಹೆಸರು ಗಂಗವ್ವ. ಬೆಳ್ಳಟ್ಟಿಯಿಂದ ಮದುವೆಯಾಗಿ ಬಂದು, ಬೇಗನೆ ಗಂಡನನ್ನು ಕಳೆದುಕೊಂಡವಳು. ನಮ್ಮ ಹಿಂದಿನ ಬೀದಿಯಲ್ಲಿ ಎಲ್ಲರೂ ಮಾಳಿಗೆ ಮನೆ ಎಂದೇ ಕರೆಯುವ ಸಾಹುಕಾರರ ಮನೆಯಿತ್ತು. ಅಲ್ಲಿ ಹತ್ತು ವರ್ಷ ಕಸ ಮುಸುರೆ ಮಾಡಿಕೊಂಡಿದ್ದಳು. ಒಂದು ಹಬ್ಬದ ದಿನ ಆ ಮನೆಯ ಹಿರಿಯಳಾದ ಅಮ್ಮಾವರ ಮುತ್ತಿನ ನತ್ತು ಕಾಣೆಯಾಯಿತು. ಬೀಗರು ನೆಂಟರ ಎದುರಿಗೇ ಅಮ್ಮಾವರು ಗಂಗವ್ವನನ್ನು ಅಂಗಳದಲ್ಲಿ ನಿಲ್ಲಿಸಿ ಸೆರಗು ಝಾಡಿಸಲು ಹೇಳಿದರು. ಏನೂ ಬೀಳಲಿಲ್ಲ. ಆದರೂ ಮರುದಿನದಿಂದ ಬರಬೇಡ ಎಂದರು. ಪೊಲೀಸಿಗೆ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಒಂದು ವಾರದೊಳಗೆ ಊರಿನ ಯಾವ ಮನೆಯೂ ಅವಳನ್ನು ಕೆಲಸಕ್ಕೆ ಕರೆಯದಂತಾಯಿತು. ಆಗ ಅವ್ವ ಹೋಗಿ ಅವಳನ್ನು ನಮ್ಮ ಮನೆಗೆ ಕರೆತಂದಳು. ಹಳೆಯ ಗಾದಿಯೊಳಗಿನ ಹತ್ತಿಯನ್ನು ಹಿಂಜುವ ಮೊದಲು ಕೈಯಿಂದ ಬಿಡಿಸಬೇಕು. ಗಂಗವ್ವ ಬೇವಿನ ಮರದ ಕೆಳಗೆ ಕೂತು ಅದನ್ನು ಮಾಡುತ್ತಿದ್ದಳು, ನಮ್ಮ ಜೊತೆಗೇ ಉಣ್ಣುತ್ತಿದ್ದಳು, ಅವ್ವನನ್ನು ಅತ್ತಿಗೆ ಎಂಬಂತೆ ವೈನಿ ಎನ್ನುತ್ತಿದ್ದಳು, ಆಯಿಯನ್ನು ಅಣಕಿಸಿ ನಗಿಸುತ್ತಿದ್ದಳು. ಸಂಜೆ ಮಾತ್ರ ಹೊರಡುವ ಮೊದಲು ಪಡಸಾಲೆಯಲ್ಲಿ ನಿಂತು, ಯಾರೂ ಕೇಳದಿದ್ದರೂ, ಸೆರಗನ್ನು ಪೂರ್ತಿ ಬಿಚ್ಚಿ ಎರಡು ಸಲ ಝಾಡಿಸುತ್ತಿದ್ದಳು. ಅವ್ವ ನೋಡಲಾರದೆ ಮುಖ ತಿರುಗಿಸುತ್ತಿದ್ದಳು.

"ಬಿಡ ಗಂಗವ್ವ, ಏನಿದು ದಿನಾ?"

"ಅರಳಿ ಹತ್ತೇತಿ ವೈನಿ, ಅದಕ."

ನನಗೆ ಹನ್ನೊಂದು ತುಂಬಿದ ವರ್ಷ ಮಾಳಿಗೆ ಮನೆಯಲ್ಲಿ ಮದುವೆ ಗೊತ್ತಾಯಿತು. ಅಮ್ಮಾವರ ಮೊಮ್ಮಗಳನ್ನು ಶಿರಹಟ್ಟಿಗೆ ಕೊಡುವುದಿತ್ತು. ತಮ್ಮ ಹಳೆಯ ಗಾದಿಯ ಅರಳೆಗೆ ಹೊಸದನ್ನು ಬೆರೆಸಿ ಮೊಮ್ಮಗಳ ಮದುವೆಯ ಗಾದಿ ಮಾಡಬೇಕೆಂದು ಅಮ್ಮಾವರ ಆಸೆ. ಆ ಗಾದಿ ನಮ್ಮ ಪಡಸಾಲೆಗೆ ಬಂದ ದಿನ ಗಂಗವ್ವ ಹಿತ್ತಿಲು ಬಿಟ್ಟು ಆಚೆ ಬರಲೇ ಇಲ್ಲ. ಅದನ್ನು ಬಿಚ್ಚುವ ದಿನ ಅಪ್ಪ ಬೇರೆ ಗಾದಿಗಳ ಬಟ್ಟೆಗಳನ್ನು ಒಗೆಯಲೆಂದು ಅವಳನ್ನು ಹಳ್ಳಕ್ಕೆ ಕಳಿಸಿದ. ಅವ್ವ ತವರಿಗೆಂದು ಮುಂಡರಗಿಗೆ ಹೋಗಿದ್ದಳು. ಶುಕ್ರವಾರ, ಅಪ್ಪ ಮಧ್ಯಾಹ್ನದ ನಮಾಜು ಮುಗಿಸಿ ಬಂದಿದ್ದ. ಹೊಲಿಗೆ ಬಿಚ್ಚುವುದು ನನ್ನ ಕೆಲಸ. ಅಪ್ಪನ ಹೊಲಿಗೆ ದಪ್ಪ ಬಿಳಿ ದಾರದ್ದು, ಗೆರೆ ಎಳೆದಂತೆ ನೆಟ್ಟಗೆ. ಗಾದಿಯ ಒಂದು ಮೂಲೆಯಲ್ಲಿ ಮಾತ್ರ ಕರಿಯ ದಾರದ ನಾಲ್ಕು ಸೊಟ್ಟ ಹೊಲಿಗೆ ಕಂಡವು. ಕತ್ತರಿಸಿದೆ, ಬೆರಳು ತೂರಿಸಿದೆ. ಅರಳೆಯೊಳಗೆ ಸಣ್ಣ ಬಟ್ಟೆಗಂಟು, ಗಂಟಿನೊಳಗೆ ನತ್ತು.

ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದ. ನಡೆದದ್ದು ಸ್ಪಷ್ಟವಿತ್ತು. ಹಬ್ಬಕ್ಕೆ ಮನೆ ತುಂಬ ಜನ ಬಂದಾಗ ಅಮ್ಮಾವರೇ ನತ್ತನ್ನು ಗಾದಿಯಲ್ಲಿ ಬಚ್ಚಿಟ್ಟು, ಹೊಲಿದು, ಮರೆತಿದ್ದರು. ಕೊನೆಗೆ ಅವನು ತನ್ನ ಪ್ರಶ್ನೆಯನ್ನು ತಾನೇ ಹಾಕಿಕೊಂಡ.

"ಈಗ ಕೂಗಿ ಹೇಳಿದ್ರ ಮದುವಿ ಮನಿ ಕೆಡತೈತಿ. ಅಮ್ಮಾರು ನಾಕು ಮಂದ್ಯಾಗ ತಲಿ ತಗ್ಗಸ್ತಾರ, ಮದುಮಗಳು ಅಳ್ತಾಳ, ಬೀಗರು ಏನಾರ ಅಂತಾರ. ಇಷ್ಟು ದಿನ ಸಾಬನ ಕಡೆ ಇತ್ತೇನು ಅಂತ ನಮಗೂ ಒಂದು ಮಾತು ಬರತೈತಿ. ಸುಮ್ಮನ ಮಗನ ಕೈಯಾಗ ಕೊಟ್ರ ಎಲ್ಲಾರೂ ನಗ್ತಾರ."

"ಗಂಗವ್ವ?"

"ಆಕಿ ಈಗೂ ನಕ್ಕೋತ ಅದಾಳಲ್ಲ. ಮದುವಿ ಮುಗೀಲಿ, ಆಮ್ಯಾಲ ಹೇಳೂಣು. ನೀ ಬಾಯಿ ಬಿಡಬ್ಯಾಡ."

ಅಮ್ಮಾವರ ಮಗ ಶಂಕ್ರಪ್ಪನವರ ಕೈಗೆ ಅಪ್ಪ ನತ್ತು ಕೊಟ್ಟು ಬಂದ. ಅವರಿಗೂ ಇದೇ ಸರಿಯೆನಿಸಿತು. ಟ್ರಂಕಿನ ತಳದಲ್ಲಿ ಸಿಕ್ಕಿತು ಎಂದು ತಾಯಿಗೆ ಹೇಳಿದರಂತೆ. ಅಮ್ಮಾವರ ಸಂತೋಷ ಹೇಳತೀರದು ಎಂದು ಸುದ್ದಿ ಬಂತು, ಜೊತೆಗೆ ನಮಗೆ ಒಂದು ಡಬ್ಬಿ ಬುಂದೆ ಉಂಡೆ. ಅಪ್ಪ ಮೊದಲನೆಯ ಉಂಡೆಯನ್ನು ಗಂಗವ್ವನಿಗೇ ಕೊಟ್ಟ. ಅವಳು ಎಲ್ಲಿಂದ ಬಂತು ಎಂದು ಕೇಳದೆ ಅರ್ಧ ತಿಂದು, ಇನ್ನರ್ಧ ನನ್ನ ಬಾಯಿಗಿಟ್ಟಳು. ನಾಲ್ಕು ದಿನ ಅವಳ ಪಕ್ಕದಲ್ಲಿ ಕೂತು ಉಂಡೆ. ತಲೆ ಬಾಚಿಕೊಳ್ಳಲು ಅವಳ ಮುಂದೆ ಬೆನ್ನು ತಿರುಗಿಸಿ ಕೂರುವುದೇ ಸುಖವೆನಿಸುತ್ತಿತ್ತು, ಮುಖ ಕಾಣುವುದಿಲ್ಲವಲ್ಲ. ಮಂಗಳವಾರ ಅವ್ವ ಮುಂಡರಗಿಯಿಂದ ಬಂದು ಇನ್ನೂ ಚೀಲ ಕೆಳಗಿಟ್ಟಿರಲಿಲ್ಲ, ಎಲ್ಲ ಹೇಳಿಬಿಟ್ಟೆ.

ಅವ್ವ ಕೂಗಾಡುವವಳಲ್ಲ. ಮರುದಿನ ಮುಂಜಾನೆ ಅಪ್ಪ ಉಣ್ಣಲು ಕೂತಾಗ ರೊಟ್ಟಿ ಬಡಿಯುತ್ತಲೇ ಕೇಳಿದಳು.

"ನಿಮ್ಮ ಲೆಕ್ಕದಾಗ ಗಂಗವ್ವನ್ನ ಯಾವ ಕಡೆ ಹಾಕೀರಿ?"

"ನಗೂ ಕಡೆ. ಆಕಿ ನಗೂದು ನೀ ನೋಡಿಲ್ಲೇನು?"

"ಆಕಿ ಸುಖಾಗಿಲ್ರಿ. ಆಕಿಗೆ ರೂಢಿ ಆಗೇತಿ. ಮಾಳಿಗಿ ಮನಿ ಮುಂದ ಹಾದು ಬಂದ್ರ ನಮ್ಮನಿ ಐದು ಮಿನಿಟಿನ ದಾರಿ. ನಾಕು ವರ್ಷಾತು, ಹಳ್ಳದ ದಂಡಿ ಸುತ್ತಿ ಬರ್ತಾಳ. ಮಳಿಗಾಲದಾಗ ಮೊಳಕಾಲ ಮಟ ರಾಡಿ ಹಚಗೊಂಡು ಬಂದಾಗ, ಗಂಗವ್ವ ನಾಟಿ ಮಾಡಿ ಬಂದಾಳಂತ ಚಾಷ್ಟಿ ಮಾಡಿದ್ರಿ ನೀವು. ನಕ್ಕಳು ಆಕಿ. ಅದನ್ನೂ ನಗೂದ್ರಾಗ ಹಿಡದೀರೇನು?"

ಅಪ್ಪ ಕೈಯಲ್ಲಿದ್ದ ರೊಟ್ಟಿ ಚೂರನ್ನು ತಾಟಿಗೆ ಇಳಿಸಿದ. ಅವನಿಗೆ ಆ ದಾರಿಯ ವಿಷಯ ಗೊತ್ತೇ ಇರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಆದರೂ ಮದುವೆ ಭಾನುವಾರ, ಇನ್ನು ನಾಲ್ಕೇ ದಿನ ಎಂದು ಗೊಣಗಿದ. ಅವ್ವ ಮುಂದಿನ ರೊಟ್ಟಿ ಬಡಿಯತೊಡಗಿದಳು. ಮದುವೆಯ ಗಾದಿಯ ಕೊನೆಯ ಹೊಲಿಗೆಯನ್ನು ಮದುವೆ ಮನೆಯಲ್ಲೇ ಹಾಕುವುದು ನಮ್ಮ ಮನೆತನದ ಪದ್ಧತಿ. ಮನೆಯ ಹಿರಿಯಳು ಒಂದು ಹಿಡಿ ಅರಳೆಯನ್ನು ತನ್ನ ಕೈಯಿಂದ ಒಳಗಿಡುತ್ತಾಳೆ, ಆಮೇಲೆ ನಮ್ಮ ಮನೆಯ ಹೆಂಗಸರು ಬಾಯಿ ಹೊಲಿಯುತ್ತಾರೆ. ಅಷ್ಟು ದೊಡ್ಡ ಗಾದಿಗೆ ಎರಡು ಬದಿಗೂ ಒಬ್ಬೊಬ್ಬರು ಬೇಕು. ಗುರುವಾರ ಅವ್ವ ಸೂಜಿ ದಾರ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಗಂಗವ್ವನ ಮುಂದೆ ನಿಂತಳು.

"ನಡಿ, ಹೊಲ್ಯಾಕ ಹೋಗೂಣು."

"ನಾ ಒಲ್ಲೆ ವೈನಿ. ಆ ಮನಿಗೆ ಬರೂದಿಲ್ಲ ನಾ."

"ನೀ ಬರದಿದ್ರ ನಾನೂ ಹೋಗೂದಿಲ್ಲ. ಮದುವಿ ಗಾದಿ ಬಾಯಿ ತಕ್ಕೊಂಡ ಬೀಳತೈತಿ."

ಗಂಗವ್ವ ಎದ್ದಳು. ಗಾದಿ ಆಗಲೇ ಚಕ್ಕಡಿಯಲ್ಲಿ ಹೋಗಿತ್ತು. ನಾವು ಮೂವರೂ ನಡೆದೆವು. ಅವಳ ಕಾಲು ತಾನಾಗಿಯೇ ಹಳ್ಳದ ಕಡೆ ತಿರುಗಿತು, ಅವ್ವ ರಟ್ಟೆ ಹಿಡಿದು ಬೀದಿಗೆ ತಂದಳು. ಮಾಳಿಗೆ ಮನೆಯ ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು. ಸೇವಿಗೆ ಹೊಸೆಯುವವರು, ಬಳೆ ಇಡಿಸಿಕೊಳ್ಳುವವರು. ಗಂಗವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡು ಗಾದಿಯ ಆಚೆ ಬದಿಗೆ ಕೂತು ಸೂಜಿ ಪೋಣಿಸಿದಳು. ಅಮ್ಮಾವರು ಒಳಗಿನಿಂದ ಬಂದರು, ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತರು. ಅವರ ಹಿಂದೆಯೇ ಮದುಮಗಳು ಬಂದಳು, ಮೂಗಿನಲ್ಲಿ ಮುತ್ತಿನ ನತ್ತು. ಗಂಗವ್ವ ತಲೆಯೆತ್ತಿ ಅದನ್ನು ಕಂಡಳು. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ, ಎದ್ದು ಓಡುತ್ತಾಳೆ ಎಂದೆಲ್ಲ ಅಂದುಕೊಂಡೆ. ಅವಳ ಮುಖ ಅರಳಿತು. ಕಳೆದ ವಸ್ತು ಸಿಕ್ಕ ಮನೆಯವರಿಗೆ ಆಗುವಂಥ ಸಂತೋಷ ಅದು, ಅಪ್ಪಟ.

"ಸಿಕ್ತೇನ್ರಿ, ಅಮ್ಮಾರ?"

ಸೇವಿಗೆ ಹೊಸೆಯುವ ಕೈಗಳೆಲ್ಲ ನಿಂತವು. ಅಮ್ಮಾವರು ಹೊಸ್ತಿಲು ದಾಟಿ ಬಂದರು.

"ಸಿಕ್ತು, ಗಂಗಿ. ಟ್ರಂಕಿನ್ಯಾಗ ಇತ್ತಂತ."

ಆಗ ಅವ್ವ ಹೊಲಿಗೆಯಿಂದ ತಲೆಯೆತ್ತದೆ ಹೇಳಿದಳು.

"ಟ್ರಂಕಿನ್ಯಾಗ ಅಲ್ರಿ. ನಿಮ್ಮ ಗಾದಿ ಮೂಲ್ಯಾಗ ಇತ್ತು. ಕರೀ ದಾರದ್ಲೆ ನಾಕು ಹೊಲಿಗಿ ಹಾಕಿತ್ತು."

ಅಮ್ಮಾವರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆ ಕೈಗಳು ಅಂದು ಏನು ಮಾಡಿದ್ದವು ಎಂಬುದು ಅವರಿಗೆ ಅಲ್ಲಿ, ಎಲ್ಲರ ಎದುರಿಗೆ ನೆನಪಾಯಿತು. ಆಮೇಲೆ ಆ ಭಾರಿ ಹೆಂಗಸು ನೆಲಕ್ಕೆ ಕೂತು ಗಾದಿಯ ಮೇಲಿನಿಂದ ಬಾಗಿ ಗಂಗವ್ವನ ಕೈ ಹಿಡಿದುಕೊಂಡು ಜೋರಾಗಿ ಅತ್ತರು. ಮದುಮಗಳು ಅತ್ತಳು, ಬಳೆಗಾರ್ತಿ ಅತ್ತಳು, ಏನು ಎತ್ತ ಎಂದು ತಿಳಿಯದ ಶಿರಹಟ್ಟಿಯ ಮುದುಕಿಯೊಬ್ಬಳೂ ಅತ್ತಳು. ಶಂಕ್ರಪ್ಪನವರು ಬಾಗಿಲಲ್ಲಿ ಬಂದು ನಿಂತವರು ಹಾಗೇ ಹಿಂದಕ್ಕೆ ಹೋದರು. ಮದುವೆ ಕೆಡಲಿಲ್ಲ. ಅಮ್ಮಾವರು ಗಂಗವ್ವನ ಕೈಯಿಂದಲೇ ಗಾದಿಯೊಳಗೆ ಅರಳೆ ಇಡಿಸಿದರು, ಉಣ್ಣದೆ ಕಳಿಸಲಿಲ್ಲ.

ಮನೆಗೆ ಬರುವಾಗ ಗಂಗವ್ವ ದೊಡ್ಡ ಬೀದಿಯ ನಟ್ಟನಡುವೆ ನಡೆದಳು. ಸುದ್ದಿ ನಮಗಿಂತ ಮುಂಚೆ ಮುಟ್ಟಿತ್ತು; ಅಪ್ಪ ಕಮಾನು ಬಿಟ್ಟು ಎದ್ದು, ಹುಬ್ಬಿನ ಮೇಲೆ ಅರಳೆ ಹೊತ್ತುಕೊಂಡೇ ನಗುತ್ತ ಬಂದ. ಗಂಗವ್ವ ಪಡಸಾಲೆಯಲ್ಲಿ ನಿಂತಳು.

"ಅಣ್ಣಾರ, ನತ್ತು ಯಾವಾಗ ಸಿಕ್ಕಿತ್ರಿ?"

ಅಪ್ಪನ ನಗು ನಿಂತಿತು.

"ಹ್ವಾದ ಶುಕ್ರಾರ. ಮದುವಿ ಮುಗದ ಕೂಡ್ಲೆ ನಾನ ಹೇಳಾವಿದ್ದೆ, ಗಂಗವ್ವ. ಎಲ್ಲಾರೂ ಸುಖಾಗಿರ್ಲಿ ಅಂತ..."

"ಅಮ್ಮಾರಿಗೆ ಮರತಿತ್ರಿ. ನಿಮಗ ಗೊತ್ತಿತ್ತು. ಆರು ದಿನ ನನ್ನ ಎದುರಿಗೆ ಕುಂತು ಉಂಡ್ರಿ."

ದಿನದಂತೆ ಸೆರಗು ಬಿಚ್ಚಿದಳು, ಝಾಡಿಸಿದಳು, ಹೊರಟುಹೋದಳು. ಮರುದಿನ ಬರಲಿಲ್ಲ. ಭಾನುವಾರ ಮದುವೆಯ ವಾಲಗ ಕೇಳಿತು, ಅವಳು ಬರಲಿಲ್ಲ. ಅಮ್ಮಾವರು ಮತ್ತೆ ಕೆಲಸಕ್ಕೆ ಕರೆದರೂ ಅಲ್ಲಿಗೂ ಹೋಗಲಿಲ್ಲವಂತೆ. ನಮ್ಮ ಮನೆ ಬಣಗುಟ್ಟಿತು. ಆಯಿ ಯಾರ ಜೊತೆಗೂ ಜಗಳಾಡದೆ ಸೊರಗಿದಳು. ಅಪ್ಪ ಕಮಾನಿನ ಮುಂದೆ ಕೂತು ತಂತಿ ಹೊಡೆಯದೆ ಸುಮ್ಮನೆ ಹತ್ತಿ ನೋಡುತ್ತಿದ್ದ. ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಅವನನ್ನು ಹಾಗೆ ನೋಡಲಾರದೆ ಅಳುವೂ ಬರುತ್ತಿತ್ತು. ನಾನೂ ಆರು ದಿನದಲ್ಲಿ ನಾಲ್ಕು ದಿನ ಬಾಯಿ ಮುಚ್ಚಿಕೊಂಡವಳೇ. ಒಂದು ಮುಂಜಾನೆ ಅಪ್ಪ ತಾನು ಮಲಗುವ ಗಾದಿಯನ್ನೇ ಬಿಚ್ಚಿ, ಅದರ ಅರಳೆಯನ್ನು ಒಂದು ಗಂಟೂ ಉಳಿಯದಂತೆ ಹಿಂಜಿ, ಕೆಂಪು ಪಟ್ಟೆಯ ಹೊಸ ಬಟ್ಟೆಯಲ್ಲಿ ಒಬ್ಬರು ಮಲಗುವ ಗಾದಿ, ಒಂದು ದಿಂಬು ಹೊಲಿದ. ಮರುದಿನ ಗಾದಿಯನ್ನು ತಲೆಯ ಮೇಲೆ ಹೊತ್ತು, ದಿಂಬನ್ನು ನನ್ನ ಕೈಗೆ ಕೊಟ್ಟು, ಊರಂಚಿನ ಗಂಗವ್ವನ ಮನೆಗೆ ಹೊರಟ. ನಾಲ್ಕು ವರ್ಷದಲ್ಲಿ ನಾವಿಬ್ಬರೂ ಅಲ್ಲಿಗೆ ಹೋದದ್ದು ಅದೇ ಮೊದಲು. ತಗಡಿನ ಬಾಗಿಲಿನ ಒಂದೇ ಕೋಣೆ. ಗಂಗವ್ವ ಬಾಗಿಲಲ್ಲಿ ನಿಂತು ಜೋಳ ಕೇರುತ್ತಿದ್ದಳು, ಮೊರ ಕೆಳಗಿಳಿಸಲಿಲ್ಲ.

"ಏನ್ರಿ ಇದು, ಅಣ್ಣಾರ?"

"ಗಾದಿ. ನಿನಗ ಮಾಡೇನಿ."

"ನನಗ ಗಾದಿ ಮ್ಯಾಲ ನಿದ್ದಿ ಹತ್ತೂದಿಲ್ರಿ, ಬೆನ್ನು ಬ್ಯಾನಿ ಆಕ್ಕೈತಿ. ನಾಕು ವರ್ಷ ನಿಮ್ಮನ್ಯಾಗ ಅರಳಿ ಬಿಡಿಸೇನಿ, ಒಂದು ದಿನಾರ ಗಾದಿ ಬೇಕಂತ ಅಂದೇನೇನು?"

ಗಾದಿಯ ಎರಡು ಅಂಚೂ ಅಪ್ಪನ ಕಿವಿಯ ಮೇಲೆ ಜೋತುಬಿದ್ದಿದ್ದವು. ಅದರ ಕೆಳಗಿನಿಂದ ಅವನ ದನಿ ಸಣ್ಣಗೆ ಬಂತು.

"ತಪ್ಪಾತು, ಗಂಗವ್ವ. ನಿನಗ ಸುಖಾ ಆಗ್ಲಿ ಅಂತ..."

"ಅದ ನೋಡ್ರಿ ನಾ ಹೇಳೂದು. ನನ್ನ ಸುಖಾ ನೀವೊಬ್ಬರ ಕುಂತು ಲೆಕ್ಕಾ ಹಾಕಬ್ಯಾಡ್ರಿ. ನನ್ನ ಕೇಳ್ರಿ. ಅವತ್ತು ಶುಕ್ರಾರ ನನ್ನ ಕರದು ಒಂದು ಮಾತು ಕೇಳಿದ್ರ, ಮದುವಿ ಮುಗೀತನಾ ಸುಮ್ಮಿರೂಣ್ರಿ ಅಂತ ನಾನ ಹೇಳ್ತಿದ್ದೆ."

ಊರಿನ ಯಾವ ಮನೆಗೂ ಅಪ್ಪ ಕೇಳಿ ಒಳಗೆ ಹೋದವನಲ್ಲ. ಗಾದಿ ಹೊತ್ತು ಬಂದವನನ್ನು ಎಲ್ಲರೂ ದಾರಿ ಬಿಟ್ಟು ನೇರ ನಡುಮನೆಗೇ ಕರೆಯುತ್ತಿದ್ದರು. ಈ ಬಾಗಿಲಲ್ಲಿ ಯಾರೂ ದಾರಿ ಬಿಟ್ಟಿರಲಿಲ್ಲ. ಅವನು ಗಾದಿಯನ್ನು ನಿಧಾನಕ್ಕೆ ಕಟ್ಟೆಯ ಮೇಲೆ ಇಳಿಸಿದ, ಬೆವರು ಒರೆಸಿಕೊಂಡ, ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದ.

"ಒಳಗ ಬರ್ಲೇನು, ಗಂಗವ್ವ?"

ಅವಳು ಮೊರದಲ್ಲಿದ್ದ ಜೋಳವನ್ನು ಕೇರಿ ಮುಗಿಸಿದಳು. ಕಲ್ಲು ಹೆಕ್ಕಿ ಎಸೆದಳು. ಆಮೇಲೆ ಬಾಗಿಲಿನಿಂದ ಸರಿದು ನಿಂತಳು.

"ಗಾದಿ ಹೊರಗ ಇರ್ಲಿ. ನೀವಿಬ್ರೂ ಬರ್ರಿ."